ಎರಡು ಕೊಡದಾಕಿ

ಅಕ್ಕನ ನೆತ್ತಿಯ ನಡುವೆ ಒಂದು ಬಿಲ್ಲೆಯಷ್ಟಗಲ ಕೂದಲಿರಲಿಲ್ಲ. ಅಲ್ಲಿ ಚರ್ಮ ನುಣ್ಣಗೆ, ತುಸು ಕಪ್ಪಗೆ, ಉಜ್ಜಿದ ಕಲ್ಲಿನ ಹಾಗೆ ಹೊಳೆಯುತ್ತಿತ್ತು. ಎಣ್ಣೆ ಹಚ್ಚಿಕೊಳ್ಳುವಾಗ ಅವಳು ಮೊದಲು ಆ ಜಾಗಕ್ಕೆ ಎರಡು ಹನಿ ಹಾಕಿ ತಟ್ಟಿ, ಆಮೇಲೆ ಉಳಿದ ಕೂದಲನ್ನು ಅದರ ಮೇಲೆ ಎಳೆದು ತುರುಬು ಕಟ್ಟುತ್ತಿದ್ದಳು. ಆದರೂ ಅದು ಮುಚ್ಚುತ್ತಿರಲಿಲ್ಲ. ಸೆರಗು ಜಾರಿದರೆ ಹಿಂದೆ ನಿಂತವರಿಗೆ ಕಾಣುತ್ತಿತ್ತು. ಚಿಕ್ಕವನಿದ್ದಾಗ ನಾನು ಅವಳ ಬೆನ್ನು ಹತ್ತಿ ಅಲ್ಲಿ ಬೆರಳಿಟ್ಟು ತಿಕ್ಕುತ್ತಿದ್ದೆ. "ಬಿಡಲೇ, ಅದು ಅಪ್ಪನ ಜಳಕದ ಗುರುತು" ಎನ್ನುತ್ತಿದ್ದಳು.

ಅಪ್ಪ ಸಂಡೂರಿನ ಕಡೆ ಗಣಿಯಲ್ಲಿ ಕೂಲಿ ಮಾಡುತ್ತಿದ್ದ. ವಾರಕ್ಕೊಮ್ಮೆ ಲಾರಿ ಹತ್ತಿ ಹೊಸಪೇಟೆಯ ಚಿತ್ತವಾಡ್ಗಿಯ ನಮ್ಮ ಮನೆಗೆ ಬಂದಾಗ ಅವನ ರೆಪ್ಪೆಯ ಕೂದಲೂ ಕೆಂಪಾಗಿರುತ್ತಿತ್ತು. ನಾನು ಮೊಲೆ ಬಿಡುವ ಮೊದಲೇ ಅವ್ವ ತೀರಿಕೊಂಡಿದ್ದಳು. ಅಕ್ಕನಿಗೆ ಆಗ ಹತ್ತು ವರ್ಷವಿರಬೇಕು. ಅವ್ವನ ಹಳೆಯ ಸೀರೆಯ ತುಂಡನ್ನು ಹೊಸೆದು ಸುತ್ತಿ ಸಿಂಬಿ ಮಾಡಿಕೊಂಡು, ಅದನ್ನು ತಲೆಯ ಮೇಲಿಟ್ಟು, ಅದರ ಮೇಲೆ ಕೊಡ ಹೊತ್ತು, ಓಣಿಯ ಆಚೆ ತುದಿಯಲ್ಲಿದ್ದ ಸರ್ಕಾರಿ ನಳದಿಂದ ನೀರು ತರುತ್ತಿದ್ದಳು. ಅಪ್ಪನ ಜಳಕಕ್ಕೆ ಮೂರು ಕೊಡ ಬೇಕು. ಮೊದಲನೆಯ ಕೊಡದ ನೀರು ಬಚ್ಚಲಿನಲ್ಲಿ ರಕ್ತದ ಹಾಗೆ ಹರಿಯುತ್ತಿತ್ತು. ಎರಡನೆಯದು ಚಹಾದ ಹಾಗೆ. ಮೂರನೆಯದು ಮಾತ್ರ ನೀರಿನ ಹಾಗೆ. ಅವನು ಬಚ್ಚಲಿನಿಂದ ಎದ್ದು ಬಂದಾಗ ಅಕ್ಕ ಅವನ ಕಿವಿಯ ಹಿಂದೆ ನೋಡಿ, ಇನ್ನೂ ಕೆಂಪಿದ್ದರೆ ನಾಲ್ಕನೆಯದಕ್ಕೆ ಹೊರಡುತ್ತಿದ್ದಳು.

ಹೀಗಾಗಿ ಮನುಷ್ಯರನ್ನು ಕೊಡದಲ್ಲಿ ಅಳೆಯುವುದು ಅವಳಿಗೆ ಅಭ್ಯಾಸವಾಯಿತು. ಮನೆಗೆ ಯಾರೇ ಬರಲಿ, ಅವರು ಕೂತು ಎದ್ದು ಹೋಗುವುದರೊಳಗೆ ಅವರದು ಎಷ್ಟು ಕೊಡ ಎಂದು ಲೆಕ್ಕ ಹಾಕಿರುತ್ತಿದ್ದಳು. ನಮ್ಮ ಶಾಲೆಯ ಮೇಷ್ಟ್ರು ಒಂದೂವರೆ ಕೊಡದವರು: "ಕಾಲರ್ ನೋಡಿದ್ರ ತಿಳಿಯಂಗಿಲ್ಲೇನು?" ಹಬ್ಬಕ್ಕೆ ಬಂದು ಕೂತ ನಮ್ಮ ಚಿಗವ್ವ ಆರು ಕೊಡದಾಕೆ: "ಮುಖ ತೊಳಿಯಾಕs ಒಂದು ಕೊಡ ಬೇಕು, ಅದರಾಗ ಪೌಡರ್ ಹಂಗs ಇರತೈತಿ." ತನ್ನ ಬಗ್ಗೆ ಕೇಳಿದರೆ ಬೆರಳು ಎತ್ತಿ ತೋರಿಸುತ್ತಿದ್ದಳು. "ನಾ ಎರಡು ಕೊಡದಾಕಿ. ಮೈಗೊಂದು, ಬಟ್ಟಿಗೊಂದು."

"ನಂದು ಎಷ್ಟಕ್ಕಾ?" ಎಂದರೆ, "ನಿನಗ ನಾ ಲೆಕ್ಕ ಹಚ್ಚಿಲ್ಲಲೇ. ಹುಯ್ಕೋ" ಎನ್ನುತ್ತಿದ್ದಳು. ನಾನು ಬಚ್ಚಲಲ್ಲಿ ಕೂತು ಚೆಂಬಿನ ಮೇಲೆ ಚೆಂಬು ಹುಯ್ದುಕೊಳ್ಳುತ್ತಿದ್ದೆ. ಖಾಲಿಯಾದರೆ "ಅಕ್ಕಾ" ಎಂದು ಕೂಗುತ್ತಿದ್ದೆ. ಅವಳು ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವಳು. ನಳ ಬರುವ ಹೊತ್ತೂ ಶಾಲೆಯ ಗಂಟೆಯೂ ಒಂದೇ ಆಗಿದ್ದವು. ಅವಳು ತಂದ ನೀರಿನಲ್ಲಿ ಮೈ ತೊಳೆದು, ಕ್ರಾಪು ತೀಡಿಕೊಂಡು ಶಾಲೆಗೆ ಹೋದವನು ನಾನು. ಏಳನೇ ಇಯತ್ತೆಯಲ್ಲಿ ಫೇಲಾಗಿ ಬಿಟ್ಟೆ. ಅದಕ್ಕೆ ಬಡತನ ಕಾರಣವಲ್ಲ. ಓದಲು ಬೇಸರವಾಗುತ್ತಿತ್ತು, ಅಷ್ಟೆ. ಇಲ್ಲಿ ಬರೆದದ್ದರಲ್ಲಿ ತಪ್ಪಿದ್ದರೆ ಆ ಬೇಸರವೇ ಕಾರಣ.

ಕಂಪ್ಲಿಯ ಗಂಡನ್ನು ನೋಡಿ ಅಕ್ಕನ ಮದುವೆಯಾಯಿತು. ಹೊಳೆಯ ದಂಡೆಯ ಮನೆ. ಹಿತ್ತಲಲ್ಲಿ ಬಾವಿ, ಬಾವಿಯಲ್ಲಿ ಮೇಲೆಯೇ ನೀರು. ಮದುವೆಯ ದಿನ ನಮ್ಮ ಓಣಿಯ ಹೆಂಗಸರು, "ನಿನ್ನ ನೆತ್ತಿ ಇನ್ನ ಚಿಗಿತೈತಿ ನೋಡು" ಎಂದು ನಕ್ಕಿದ್ದರು. ಎರಡು ವರ್ಷವೂ ಆಗಲಿಲ್ಲ, ಒಂದು ಟ್ರಂಕು ಹಿಡಿದುಕೊಂಡು ಬಂದು ಹೊಸ್ತಿಲ ಹೊರಗೆ ನಿಂತಿದ್ದಳು. ಅವನು ಬೇರೊಬ್ಬಳನ್ನು ಮನೆಗೆ ಕರೆತಂದು, ಅಕ್ಕನಿಗೆ ಆಕೆಯ ಜಳಕಕ್ಕೆ ನೀರು ಕಾಯಿಸಲು ಹೇಳಿದ್ದನಂತೆ. ಅಪ್ಪ ಏನೂ ಕೇಳಲಿಲ್ಲ. ಓಣಿಯವರು ಕೇಳಿದಾಗ ಅಕ್ಕ ಒಂದೇ ಮಾತು ಹೇಳುತ್ತಿದ್ದಳು: "ಅಲ್ಲಿ ನೀರು ಭಾಳ ಇತ್ತು. ಮನಿಷಾ ಇರಲಿಲ್ಲ." ಮರುದಿನ ಬೆಳಿಗ್ಗೆ ಸಿಂಬಿ ಹುಡುಕಿ ತಲೆಗೆ ಇಟ್ಟುಕೊಂಡಳು.

ಹೊಟ್ಟೆಪಾಡಿಗೆ ಅವಳು ಜೋಳದ ರೊಟ್ಟಿ ಬಡಿದು ಬಸ್ ಸ್ಟ್ಯಾಂಡಿನ ಹತ್ತಿರದ ಖಾನಾವಳಿಯೊಂದಕ್ಕೆ ಕೊಡುತ್ತಿದ್ದಳು. ಅವಳ ಬಾಯಿ ಒಳ್ಳೆಯದಲ್ಲ. ಹಿಟ್ಟು ನಾದುತ್ತ ನಾದುತ್ತ ಓಣಿಯ ಒಬ್ಬೊಬ್ಬರನ್ನೂ ತೆಗೆದುಕೊಂಡು ಬಡಿಯುತ್ತಿದ್ದಳು. ನನ್ನ ಹೆಂಡತಿ ಈ ಮನೆಗೆ ಬಂದ ಹೊಸತರಲ್ಲಿ ತಲೆಗೆ ನೀರು ಹಾಕಿಕೊಂಡು ಹೊರಬಂದಾಗ, "ಯವ್ವಾ, ಕೂದಲೋ ಕಾಲುವೆಯೋ ನಿಂದು? ನಾಕು ಕೊಡ ಕುಡದಾವ" ಎಂದು ಅಳಿಸಿದ್ದಳು. ಸಂಜೆ ತಾನೇ ಎರಡು ಕೊಡ ಹೆಚ್ಚಿಗೆ ತಂದು ಹಂಡೆಗೆ ಸುರಿದಿದ್ದಳು. ಅದನ್ನು ಮಾತ್ರ ಹೇಳಲಿಲ್ಲ.

ಅಪ್ಪ ಸಾಯುವ ಮೊದಲು ಒಂದು ಕೆಲಸ ಮಾಡಿ ಹೋದ. ಎಲ್ಲೆಲ್ಲೋ ಓಡಾಡಿ ಮನೆಗೆ ಒಂದು ನಳ ಹಾಕಿಸಿದ. ಬೀದಿಯ ದೊಡ್ಡ ಪೈಪಿನಿಂದ ಸಣ್ಣ ಪೈಪು ನಮ್ಮ ಮುಂದಿನ ಮನೆಯ ಕೆಳಗೆ ಹಾದು ಹಿತ್ತಲಿಗೆ ಹೋಗಿ ಅಲ್ಲಿ ನಳವಾಗಿ ನಿಂತಿತು. ಮುಂದಿನ ಮನೆ ನನಗೆ, ಹಿತ್ತಲು ಮತ್ತು ಹಿಂದಿನ ಕೋಣೆ ಅಕ್ಕನಿಗೆ ಎಂದು ಹಿರಿಯರ ಮುಂದೆ ಹೇಳಿ, ನನ್ನ ಕಡೆ ತಿರುಗಿ, "ನಳ ಆಕಿದು. ನೀ ಬೇಕಾದ್ರ ಆಕಿ ಕಡೆ ಇಸ್ಕೋ" ಎಂದ. ಮೊದಲ ಸಲ ನೀರು ಬಂದ ದಿನ ಅಕ್ಕ ನಳದ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಬೊಗಸೆ ಹಿಡಿದಳು. ಕುಡಿಯಲಿಲ್ಲ. ಆ ಬೊಗಸೆ ನೀರನ್ನು ತನ್ನ ನೆತ್ತಿಗೆ ತಟ್ಟಿಕೊಂಡಳು. ಆಮೇಲೆ ಸಿಂಬಿಯನ್ನು ಒಳಗೆ ಗೋಡೆಯ ಗೂಟಕ್ಕೆ ತೂಗುಹಾಕಿದಳು. "ಅದು ಇನ್ನ ಅಲ್ಲೇ ಇರ್ಲಿ" ಎಂದಳು.

ಎಷ್ಟೋ ವರ್ಷ ಅದು ಅಲ್ಲೇ ಇತ್ತು. ಅದನ್ನು ಗೂಟದಿಂದ ಮತ್ತೆ ಕೆಳಗಿಳಿಸಿದವನು ನಾನು.

ನಮ್ಮ ಊರು ಹೇಗೆ ಬೆಳೆಯಿತೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಕಬ್ಬಿನ ಗದ್ದೆಗಳಲ್ಲಿ ಕಲ್ಲು ನೆಟ್ಟು ಪ್ಲಾಟು ಮಾಡಿದರು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಕೆಲಸಕ್ಕೆ ಬಂದವರು ಅಲ್ಲಿ ಜಾಗ ಸಾಲದೆ ಹೊಸಪೇಟೆಗೆ ಬಂದು ರೂಮು ಹಿಡಿದರು. ಜಿಲ್ಲೆಯಾಯಿತು, ಕಚೇರಿಗಳು ಬಂದವು, ಕಚೇರಿಯ ಹಿಂದೆ ಸಂಸಾರಗಳು ಬಂದವು. ಡ್ಯಾಮು ಊರಿನ ಮಗ್ಗುಲಲ್ಲೇ ಇದೆ. ರಜೆಯ ದಿನ ಹೋಗಿ ಅದರ ನೀರು ನೋಡಿ ಬರುತ್ತೇವೆ. ಮನೆಯ ನಳದಲ್ಲಿ ಮೊದಲು ದಿನಾ ಬರುತ್ತಿದ್ದದ್ದು ದಿನ ಬಿಟ್ಟು ದಿನ ಆಯಿತು, ಆಮೇಲೆ ವಾರಕ್ಕೊಂದು ಪಾಳಿಗೆ ಬಂದು ನಿಂತಿತು.

ನಾನು ಆಗ ಆಟೋ ಓಡಿಸುತ್ತಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಹೆಗಲಿಗೆ ಬ್ಯಾಗು ಹಾಕಿಕೊಂಡು ಇಳಿದ ಹುಡುಗರು ಮೊದಲು ಕೇಳುತ್ತಿದ್ದದ್ದು ರೂಮು. ಎಷ್ಟೋ ಜನರನ್ನು ಎಷ್ಟೋ ಮನೆಗಳ ಮುಂದೆ ಇಳಿಸಿದ ಮೇಲೆ, ನಾನೇ ಯಾಕೆ ಕಟ್ಟಬಾರದು ಅನ್ನಿಸಿತು. ಮನೆಯ ಮೇಲೆ ನಾಲ್ಕು ರೂಮು ಎಬ್ಬಿಸಿದೆ. ಅಕ್ಕ ಬೇಡ ಅನ್ನಲಿಲ್ಲ. ಮೆಟ್ಟಿಲ ಕೆಳಗೆ ನಿಂತು ಮೇಲೆ ನೋಡಿ ಕೇಳಿದಳು:

"ಎಷ್ಟು ಮಂದಿ ಬರ್ತಾರಲೇ?"

"ಹನ್ನೆರಡೋ ಹದಿನಾಕೋ."

"ಕಾರ್ಖಾನಿ ಮಂದಿ. ಮೂರು ಕೊಡಕ್ಕ ಕಡಿಮಿ ಆಗಂಗಿಲ್ಲ. ಅಪ್ಪನಂಗs. ಎಲ್ಲಿಂದ ತರ್ತಿ?"

"ಬರತೈತಿ ಬಿಡಕ್ಕಾ."

ಮುಂದಿನ ಅಂಗಳದಲ್ಲಿ ನೆಲದ ತೊಟ್ಟಿ ತೋಡುವಾಗ ಗುದ್ದಲಿಗೆ ಅಕ್ಕನ ಪೈಪು ಸಿಕ್ಕಿತು. ಗಾರೆ ಕೆಲಸದ ಗೌಂಡಿ ಅದರ ಮೇಲಿನ ಮಣ್ಣು ಒರೆಸಿ, "ಇದಕ್ಕs ಮೋಟ್ರು ಹಚ್ಚಿಬಿಡಲೇನ್ರಿ? ಸೀದಾ ಎಳಿತೈತಿ" ಎಂದು ಕೇಳಿದ. ಅಕ್ಕ ರೊಟ್ಟಿ ಕೊಡಲು ಹೋಗಿದ್ದಳು. ನಾನು ಹಿತ್ತಲಿನ ಕಡೆ ಒಮ್ಮೆ ನೋಡಿ, ಹೂಂ ಅಂದೆ. ಅವನು ಎರಡನೇ ಸಲ ಕೇಳಲಿಲ್ಲ. ಅವಳು ಬರುವುದರೊಳಗೆ ಮಣ್ಣು ಮುಚ್ಚಿ ಮೇಲೆ ಬಂಡೆ ಹಾಸಿಯಾಗಿತ್ತು.

ಅದಾದ ಮೇಲೆ ನಮ್ಮ ಓಣಿಯ ಪಾಳಿ ಬಂದಾಗಲೆಲ್ಲ ನಡೆದದ್ದು ಇದು. ನೀರು ಬಿಡುವಾತ ಓಣಿಯ ಮೂಲೆಯ ಗುಂಡಿಯಲ್ಲಿ ಉದ್ದನೆಯ ಕಬ್ಬಿಣದ ಕೀಲಿ ಇಳಿಸಿ ವಾಲು ತಿರುಗಿಸುತ್ತಿದ್ದ. ಮೊದಲು ಕಂಡವರು "ನೀರು ಬಂತು" ಎಂದು ಕೂಗುತ್ತಿದ್ದರು. ನಾನು ಊಟದಲ್ಲಿರಲಿ, ಮಲಗಿರಲಿ, ಆ ಕೂಗು ಕಿವಿಗೆ ಬಿದ್ದರೆ ಎದ್ದು ಹೋಗಿ ಬಾಗಿಲ ಹಿಂದಿನ ಸ್ವಿಚ್ಚು ಒತ್ತುತ್ತಿದ್ದೆ. ಮೋಟರು ಗುಂಯ್ ಎನ್ನುತ್ತಿತ್ತು. ತೊಟ್ಟಿ ತುಂಬುತ್ತಿತ್ತು. ಹಿತ್ತಲಿನ ನಳ ಎರಡು ಸಲ ಕೆಮ್ಮಿ, ಗಾಳಿ ಉಗುಳಿ ಸುಮ್ಮನಾಗುತ್ತಿತ್ತು.

"ನಳ ಸತ್ತೈತಲ್ಲಲೇ" ಎಂದು ಅಕ್ಕ ಬಂದು ಕೇಳಿದಳು.

ನನಗೆ ಸುಳ್ಳು ಹುಡುಕುವ ಕಷ್ಟವೇ ಬರಲಿಲ್ಲ. ಊರೆಲ್ಲ ದಿನಾ ಆಡುತ್ತಿದ್ದ ಮಾತನ್ನೇ ಆಡಿದೆ. "ಊರು ಬೆಳದೈತಿ ಅಕ್ಕಾ. ಮಂದಿ ಎಷ್ಟಾಗ್ಯಾರ ನೋಡು. ಪ್ರೆಶರ್ ಇಲ್ಲ. ನಮ್ಮದು ಓಣಿ ಕೊನಿ, ಇಲ್ಲಿತನ ಬರಬೇಕಲ್ಲ ಅದು?"

ಅವಳು ನನ್ನ ಮುಖವನ್ನೇ ನೋಡುತ್ತ ನಿಂತಳು. ಆಮೇಲೆ "ಹೌದು ಬಿಡು, ಮಂದಿ ಭಾಳ ಆಗ್ಯಾರ" ಎಂದಳು.

ದೊಡ್ಡ ಮನುಷ್ಯನ ಹಾಗೆ ನಾನು ಇನ್ನೊಂದು ಮಾತು ಸೇರಿಸಿದೆ. "ನಿನಗ ದಿನಾ ಎರಡು ಬಕೀಟು ನಾ ಕೊಡ್ತೀನಿ ತಗೋ."

"ನನ್ನ ನಳದ ನೀರು ನನ್ನ ನಳದಾಗ ಬರಬೇಕು" ಎಂದು ಹೊರಟುಹೋದಳು. ಗೂಟದ ಸಿಂಬಿ ಅಂದೇ ಕೆಳಗಿಳಿಯಿತು. ಅರವತ್ತು ದಾಟಿದ ಹೆಂಗಸು ಕೊಡ ಹೊತ್ತು, ನನ್ನ ಬಾಗಿಲ ಮುಂದೆಯೇ ಹಾದು, ಮೂರು ಓಣಿ ಆಚೆಗಿದ್ದ ಬೋರ್‌ವೆಲ್ಲಿನ ಮಿನಿ ಟ್ಯಾಂಕಿಗೆ ಹೋಗಿ ಬರತೊಡಗಿದಳು.

ಇಷ್ಟಕ್ಕೇ ನಿಂತಿದ್ದರೆ ನಾನು ಬರೀ ನೀರು ಕದ್ದವನಾಗುತ್ತಿದ್ದೆ.

ಅಕ್ಕ ನೀರು ಬಿಡುವಾತನ ಬೆನ್ನು ಹತ್ತಿದಳು. ನಲವತ್ತರ ಆಸುಪಾಸಿನ ಸಾಧು ಮನುಷ್ಯ ಆತ. ಹಳೆಯ ಮೊಪೆಡ್ಡಿಗೆ ಕೀಲಿ ಕಟ್ಟಿಕೊಂಡು ಬರುತ್ತಿದ್ದ. ಅವನು ಮೂಲೆಯಲ್ಲಿ ಕೀಲಿ ಇಳಿಸುವುದಕ್ಕೂ ಅಕ್ಕ ಖಾಲಿ ಕೊಡ ಹಿಡಿದು ಬಂದು ನಿಲ್ಲುವುದಕ್ಕೂ ಸರಿಹೋಗುತ್ತಿತ್ತು. ಅವನ ಹತ್ತಿರ ನಿಲ್ಲುತ್ತಿರಲಿಲ್ಲ ಅವಳು. ನನ್ನ ಬಾಗಿಲಿಗೆ ಎದುರಾಗಿ, ಬೀದಿಯ ನಡುವೆ ನಿಂತು ಅಲ್ಲಿಂದ ಕೂಗುತ್ತಿದ್ದಳು.

"ಯಾರ ಹೊಟ್ಟಿಗೆ ತಿರುವ್ತೀಯೋ ನನ್ನ ಪಾಲಿನ ನೀರು?"

"ಯವ್ವಾ, ನಾ ಕೀಲಿ ತಿರುವಾಂವ. ನೀರು ನಮ್ಮಪ್ಪನ ಮನಿದಲ್ಲ."

"ನೀರು ಹೊತ್ತು ಹಾಕಿದಾಕಿ ಬಾಯಾಗ ಮಣ್ಣು ಹಾಕ್ತೀಯಲ್ಲೋ. ನಿನಗ ಅಕ್ಕ ಇಲ್ಲೇನು? ಅಕ್ಕನ ಕೈಯಾಗ ಉಂಡಿಲ್ಲೇನು ನೀ?"

"ಅಕ್ಕ ಅದಾಳ್ರಿ, ಗಂಗಾವತ್ಯಾಗ. ಆಕಿ ಮನ್ಯಾಗೂ ನೀರಿಲ್ರಿ."

ಓಣಿಯವರು ನಗುತ್ತಿದ್ದರು. ಅವಳು ನಗುತ್ತಿರಲಿಲ್ಲ. "ನೀ ಹುಯ್ಕೊಂಡ ನೀರು ನಿನ್ನ ಮೈಮ್ಯಾಲ ಕುದೀಲಿ" ಎಂದು ಶಪಿಸುತ್ತಿದ್ದಳು. ಒಳಗೆ ನನ್ನ ಮೋಟರು ಗುಂಯ್ ಎನ್ನುತ್ತಿತ್ತು. ಮೇಲಿನ ರೂಮಿನ ಹುಡುಗರು ಕಾರ್ಖಾನೆಯ ಪಾಳಿ ಮುಗಿಸಿ ಬಂದು ಹಾಡು ಹಚ್ಚಿಕೊಂಡು ಜಳಕ ಮಾಡುತ್ತಿದ್ದರು.

ಒಂದು ದಿನ ಆತ ಕೀಲಿ ಕೆಳಗಿಟ್ಟು ನನ್ನ ಬಾಗಿಲಿಗೆ ಬಂದ. "ಅಣ್ಣಾರ, ನಿಮ್ಮ ಮನಿಮಟ ಪ್ರೆಶರ್ ಚಲೋ ಐತಿ. ಒಳಗ ಎಲ್ಯಾರ ಪೈಪು ಕಟ್ಟೈತೇನು ಒಮ್ಮಿ ನೋಡಿಸ್ರಿ" ಎಂದ. ಪಕ್ಕದ ಮನೆಯವರು, ಎದುರಿನವರು ಎಲ್ಲ ಕಟ್ಟೆಯ ಮೇಲಿದ್ದರು. ನನ್ನ ಬಾಯಿಂದ ಬಂದ ಮಾತು ಇದು: "ಮನಸಿಗೆ ಹಚ್ಕೋಬ್ಯಾಡ ತಮ್ಮಾ. ಅಕ್ಕನ ತಲಿ ಸರಿ ಇಲ್ಲ. ನಳದಾಗ ನೀರು ಬರತೈತಿ, ಬರಂಗಿಲ್ಲ ಅಂತಾಳ."

ಆತ ಅಯ್ಯೋ ಅಂದ. ಎದುರು ಮನೆಯಾಕೆ ಬಾಯಿಗೆ ಸೆರಗು ಹಿಡಿದಳು. ಅವತ್ತು ಸಂಜೆಗೆಲ್ಲ ಆ ಮಾತು ಮಿನಿ ಟ್ಯಾಂಕಿನ ತನಕ ಹೋಗಿ ಮುಟ್ಟಿತ್ತು.

ಅಲ್ಲಿ ನೀರಿಗೆ ಪಾಳಿಯೆಂದರೆ ಕೊಡಗಳ ಪಾಳಿ. ಹೆಂಗಸರು ಕೊಡ ಇಟ್ಟು ಮನೆಗೆಲಸಕ್ಕೆ ಹೋಗುತ್ತಾರೆ. ಅವರ ಬದಲಿಗೆ ಕೊಡ ನಿಂತಿರುತ್ತದೆ. ಅದನ್ನು ಯಾರೂ ಮುಟ್ಟುವುದಿಲ್ಲ. ಅಕ್ಕನ ಕೊಡವನ್ನು ಮುಟ್ಟಿದರು. ಮೊದಲು ಹಿಂದಕ್ಕೆ ಸರಿಸಿದರು, ಆಮೇಲೆ ಪಾಳಿಯಿಂದಲೇ ತೆಗೆದು ಚರಂಡಿಯ ಬದಿಗೆ ಇಟ್ಟರು.

"ನಿನ್ನ ತಮ್ಮನ ಮನಿಮ್ಯಾಲ ಟ್ಯಾಂಕು ಆನಿ ಕುಂತಂಗ ಕುಂತೈತಿ. ಇಲ್ಲ್ಯಾಕ ಬರ್ತಿಯವ್ವಾ?" ಎಂದು ಒಬ್ಬಳು ಕೇಳಿದಳಂತೆ.

"ಆನಿ ತಮ್ಮಂದು, ಕೊಡ ನಂದು. ಸರಿ ಅತ್ಲಾಗ."

"ನಳದಾಗ ನೀರು ಬರ್ತದಂತಲ್ಲ, ನಿನಗs ಕಾಣಂಗಿಲ್ಲಂತ?" ಎಂದು ಇನ್ನೊಬ್ಬಳು. ಎಲ್ಲರೂ ನಕ್ಕರಂತೆ. ಈ ಮಾತನ್ನು ನನ್ನ ಹೆಂಡತಿಯೇ ಬಂದು ಹೇಳಿದಳು. ಹೇಳಿ, ನನ್ನನ್ನು ನೋಡಿ, ಅನ್ನಕ್ಕೆ ಎಸರಿಟ್ಟಳು.

ಹಿಟ್ಟಿಗೆ ನೀರಿಲ್ಲದೆ ರೊಟ್ಟಿ ಹೊತ್ತು ಮೀರತೊಡಗಿತು. ಖಾನಾವಳಿಯವರು ಬೇರೆಯವರನ್ನು ನೋಡಿಕೊಂಡರು.

ಅದೇ ದಿನಗಳಲ್ಲಿ ಒಮ್ಮೆ ಅವಳನ್ನು ಹಂಪಿಗೆ ಕರೆದುಕೊಂಡು ಹೋಗಿದ್ದೆ. ವಿರೂಪಾಕ್ಷನಿಗೆ ಹರಕೆಯಿದೆ ಎಂದಿದ್ದಳು. ನನಗೂ ಒಳಗೊಳಗೆ ಅವಳಿಗೆ ಏನಾದರೂ ಮಾಡಬೇಕೆನ್ನಿಸಿತ್ತು. ಮೋಟರು ಬಿಚ್ಚಿಸುವುದೊಂದು ಬಿಟ್ಟು ಏನಾದರೂ. ದರ್ಶನ ಮುಗಿಸಿ, ಆಟೋದಲ್ಲಿ ಅರಮನೆಯ ಹಾಳು ಗೋಡೆಗಳ ಕಡೆ ಹೋದೆವು. ಅಲ್ಲಿ ಕಂಬಗಳ ಮೇಲೆ ಕಲ್ಲಿನ ದೋಣಿ ಜೋಡಿಸಿ ಹೊಂಡಕ್ಕೆ ನೀರು ಒಯ್ದಿದ್ದಾರಲ್ಲ, ಅದರ ಹತ್ತಿರ ಅಕ್ಕ ಬಹಳ ಹೊತ್ತು ನಿಂತಳು. ಒಣಗಿದ ಕಲ್ಲಿನೊಳಗೆ ಕೈ ಆಡಿಸಿದಳು.

"ಇಷ್ಟು ಮಂದಿಗೆ ನೀರು ಕೊಟ್ಟಾರ ನೋಡು" ಎಂದಳು. "ಇದರಾಗೂ ನಡುವ ಕೈ ಹಾಕಿ ತನ್ನ ಕಡೆ ತಿರುವಿಕೊಂಡಾವ ಒಬ್ಬ ಇದ್ದಿರಬೇಕಲ್ಲಲೇ?"

ನಾನು ಬಿಸಿಲು ಜೋರಾಯಿತು ಎಂದೆ. ದಾರಿಯುದ್ದಕ್ಕೂ ಅವಳು ಹಿಂದೆ ಕೂತು ಕಡಲೆಕಾಯಿ ಸುಲಿದು ಸುಲಿದು ಮುಂದೆ ನನ್ನ ಕೈಗೆ ಕೊಡುತ್ತಿದ್ದಳು. ನಾನು ತಿನ್ನುತ್ತಿದ್ದೆ.

ಅಕ್ಕ ಬಿದ್ದದ್ದು ಬೇಸಿಗೆಯಲ್ಲಿ. ಮಿನಿ ಟ್ಯಾಂಕಿನ ಸುತ್ತ ಪಾಚಿ ಕಟ್ಟಿತ್ತು. ಚರಂಡಿಯ ಬದಿಯಿಂದ ತನ್ನ ಕೊಡವನ್ನು ಎತ್ತಿ ತಂದು ಅಕ್ಕ ಮತ್ತೆ ಪಾಳಿಯಲ್ಲಿ ಇಡಲು ಹೋದಾಗ ಯಾರೋ ಅದನ್ನು ಎಳೆದರು, ಇವಳು ಬಿಡಲಿಲ್ಲ. ಸೊಂಟದ ಎಲುಬು ಮುರಿಯಿತು. ಯಾರು ಎಳೆದರೆಂದು ಅಕ್ಕ ಕೊನೆಗೂ ಹೇಳಲಿಲ್ಲ. "ಕೊಡ ಜಾರಿತು" ಎಂದಳು. ಡಾಕ್ಟರು ಆಪರೇಷನ್ ಅಂದರು. ಬೇಡ ಅಂದಳು. ನಾನು ಒಂದು ಸಲ ಮಾತ್ರ ಒತ್ತಾಯ ಮಾಡಿದೆ.

ಹಿಂದಿನ ಕೋಣೆಯಲ್ಲಿ ಮಂಚ ಹಾಕಿ ಮಲಗಿಸಿದೆವು. ಆ ವಾರ ನಮ್ಮ ಪಾಳಿ ಬಂದಾಗ ನಾನು ಸ್ವಿಚ್ಚು ಒತ್ತಲಿಲ್ಲ. ಹಿತ್ತಲಿಗೆ ಹೋಗಿ ನಳದ ಕೆಳಗೆ ಅವಳ ಕೊಡ ಇಟ್ಟು ನಿಂತೆ. ಕೆಮ್ಮಲಿಲ್ಲ, ಉಗುಳಲಿಲ್ಲ, ತೋಳಿನಷ್ಟು ದಪ್ಪನಾಗಿ ಬಂತು. ಕೊಡ ತುಂಬಿ ಹೊರಗೆ ಸುರಿಯತೊಡಗಿತು. ಮಂಚದ ಮೇಲೆ ಅಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ನಾನು ಒಳಗೆ ಹೋಗಿ ಹಾಸಿಗೆಯ ಹತ್ತಿರ ನಿಂತು ಹೇಳಿದೆ.

"ಅಕ್ಕಾ, ನೀರು ಬಂತು."

"ಕೇಳ್ತು. ಬಂದ್ ಮಾಡು, ಸುಮ್ನ ಹರಿತೈತಿ."

ನಾನು ಹೋಗಿ ನಳ ತಿರುಗಿಸಿ ಬಂದೆ. ಕೂರಬೇಕೋ ಹೋಗಬೇಕೋ ತಿಳಿಯಲಿಲ್ಲ. ಅವಳೇ ಮಾತಾಡಿದಳು, ಗೋಡೆಯ ಕಡೆಗೇ.

"ಮ್ಯಾಲ ಹದಿನಾಕು ಮಂದಿ. ಮೂರು ಮೂರು ಕೊಡ. ಈ ಓಣಿ ನಳ ಒಂದು ಪಾಳಿಗೆ ಎಷ್ಟು ಕೊಡತೈತಿ ಅಂತ ನನಗ ಗೊತ್ತಿಲ್ಲೇನಲೇ? ಬಂಡಿ ಹಾಸಿದ ದಿನಾನs ಗೊತ್ತಾತು. ಹೊಸ ಮಣ್ಣು ಹಸಿ ಇತ್ತು."

"ಮತ್ತ ಯಾಕ ಬೈಲಿಲ್ಲ ನನಗ?"

"ಬೈದೆನಲ್ಲ. ನಿನ್ನ ಬಾಗಿಲಾಗs ನಿಂತು ಬೈದೆ."

ನಾನು ಮಂಚದ ಪಕ್ಕ ನೆಲದ ಮೇಲೆ ಕೂತೆ.

"ನಿನ್ನ ಹೆಸರು ಹಿಡದು ಬೈದಿದ್ರ ಓಣಿಯಾಗ ನೀ ಕಳ್ಳ ಆಗತಿದ್ದಿ. ಅವಗ ಬೈದೆ, ಅವ ಏನೂ ಆಗಲಿಲ್ಲ. ಪಾಪದಾವ" ಎಂದಳು. ಉಸಿರು ಎಳೆದುಕೊಂಡು ಮತ್ತೆ ಹೇಳಿದಳು. "ಮನ್ಯಾಗ ಕೇಳಸ್ತಿತ್ತಲ್ಲ ನಿನಗ? ಇವತ್ತ ಎದ್ದು ಬರ್ತಾನ, ನಾಳಿಗೆ ಬರ್ತಾನ ಅಂತ ಬೈದೆ. ನೀ ಬಂದಿ. ಬಂದು ನನ್ನ ಹುಚ್ಚಿ ಅಂದಿ."

ನಾನು ಅವಳ ಕಾಲು ಹಿಡಿದೆ. ಮುರಿದ ಸೊಂಟದವಳ ಕಾಲು ಹಿಡಿಯಬಾರದು ಎಂಬ ಬುದ್ಧಿಯೂ ನನಗಿರಲಿಲ್ಲ. ಅವಳು ನೋವಿನಿಂದ ಹಲ್ಲು ಕಚ್ಚಿದಳು.

"ಬಿಡು. ಅವಗ ಒಂದು ಮಾತು ಹೇಳಿಬಿಡು. ಬೈದದ್ದೆಲ್ಲ ನಿನಗ, ಅವಗಲ್ಲ ಅಂತ. ನಾ ಇರಬೇಕಾದ್ರ ಹೇಳು."

ಹೂಂ ಅಂದೆ. ಗೌಂಡಿಗೆ ಅಂದ ಹಾಗೆಯೇ.

ಹೇಳಲಿಲ್ಲ. ಆತ ಪ್ರತಿ ಪಾಳಿಗೂ ಬಂದ, ಬಂದಾಗಲೆಲ್ಲ "ಯವ್ವ ಹ್ಯಾಂಗದಾಳ್ರಿ?" ಎಂದು ಕೇಳಿದ. "ಆಕಿ ಬೈಯಾಕಿಲ್ಲಾಂದ್ರ ವಾಲ್ ತಿರುವಿದಂಗ ಅನಸಂಗಿಲ್ರಿ" ಎಂದು ನಕ್ಕ. ನಾನೂ ನಕ್ಕೆ. ಇವತ್ತು ಕಟ್ಟೆಯ ಮೇಲೆ ಜನರಿದ್ದಾರೆ, ನಾಳೆ ಹೇಳೋಣ ಎಂದುಕೊಂಡೆ. ಮೊದಲು ಅಕ್ಕನ ಕೊಡ ತುಂಬಿಸುತ್ತಿದ್ದೆ, ಆಮೇಲೆ ಸ್ವಿಚ್ಚು ಒತ್ತುತ್ತಿದ್ದೆ. ಅಷ್ಟನ್ನೇ ದೊಡ್ಡ ಪ್ರಾಯಶ್ಚಿತ್ತವೆಂದು ತಿಳಿದುಕೊಂಡಿದ್ದೆ. ಅಕ್ಕ ಮತ್ತೆ ಕೇಳಲಿಲ್ಲ. ಕುಡಿಯಲು ಕೊಟ್ಟರೆ ಒಂದು ಗುಟುಕು ಕುಡಿದು ಲೋಟ ಸರಿಸುತ್ತಿದ್ದಳು. ಒಮ್ಮೆ ನನ್ನ ಹೆಂಡತಿ ಮೈ ಒರೆಸಲು ಹೋದಾಗ, "ಅರ್ಧ ಕೊಡ ಸಾಕವ್ವಾ. ಇಳದೀನಿ ಈಗ" ಎಂದಳಂತೆ.

ಮಳೆಗಾಲ ಹಿಡಿಯುವ ಮೊದಲೇ ಹೋದಳು. ಬೆಳಗಿನ ಜಾವ ನನ್ನ ಹೆಂಡತಿ ಚಹಾ ಒಯ್ದಾಗ ಮೈ ತಣ್ಣಗಿತ್ತು. ಅದು ನಮ್ಮ ಪಾಳಿಯ ದಿನವಲ್ಲ. ತೊಟ್ಟಿಯಲ್ಲಿ ತಳದ ಕೆಸರು ಬಿಟ್ಟು ಏನೂ ಇರಲಿಲ್ಲ. ಮೇಲಿನ ಹುಡುಗರು ರಾತ್ರಿಯೇ ಮುಗಿಸಿದ್ದರು. ಹೆಣಕ್ಕೆ ನೀರು ಹಾಕಬೇಕು. ಯಾರ ಮನೆಯಲ್ಲಿ ಕೇಳುವುದೆಂದು ನಾವು ಮುಖ ಮುಖ ನೋಡಿಕೊಳ್ಳುವಾಗ ಆತ ಮೊಪೆಡ್ಡು ನಿಲ್ಲಿಸಿ ಬಂದ. ಎಲ್ಲಿಂದಲೋ ಸುದ್ದಿ ಮುಟ್ಟಿತ್ತು.

"ಬ್ಯಾರೆ ಓಣಿದು ಸ್ವಲ್ಪ ಹೊತ್ತು ಬಂದ್ ಮಾಡಿ ಇಲ್ಲಿ ಬಿಡ್ತೀನ್ರಿ" ಎಂದ. "ಯಾರಾರ ಬೈದ್ರ ಬೈಲಿ. ಬೈಸಿಕೊಂಡು ರೂಢಿ ಐತಿ."

ಹಿತ್ತಲಿನಲ್ಲಿ ನಾಲ್ಕು ಹೆಂಗಸರು ಸೀರೆ ಅಡ್ಡ ಹಿಡಿದು ನಿಂತರು. ಒಳಗೆ ಅಕ್ಕನನ್ನು ಹಲಗೆಯ ಮೇಲೆ ಕೂರಿಸಿ ಇಬ್ಬರು ಹಿಡಿದುಕೊಂಡಿದ್ದರು. ನಳದಿಂದ ಕೊಡ ತುಂಬಿಸಿ ಸೀರೆಯ ಮರೆಯಿಂದ ಒಳಗೆ ಕೊಡುವುದು ನನ್ನ ಕೆಲಸ. ಮೊದಲ ಕೊಡ ತುಂಬಿತು, ಕೊಟ್ಟೆ. ನೆತ್ತಿಯ ಮೇಲೆ ನೀರು ಬೀಳುವ ಸಪ್ಪಳ ಕೇಳಿಸಿತು. ಎರಡನೆಯ ಕೊಡ ನಳದ ಕೆಳಗೆ ಇಟ್ಟೆ. "ಅರಿಷಿಣ ಬಂದಿಲ್ಲ ನೋಡಪಾ, ಮುಂದಿನ ಮನ್ಯಾಗೈತಿ" ಎಂದು ಒಳಗಿನಿಂದ ಯಾರೋ ಹೇಳಿದರು. ನಾನು ತರಲು ಹೋದೆ.

ಅಷ್ಟರಲ್ಲಿ ಓಣಿಗೆ ಗೊತ್ತಾಗಿಹೋಗಿತ್ತು. ಪಾಳಿಯಿಲ್ಲದ ದಿನ ನೀರು. "ನೀರು ಬಂತು, ನೀರು ಬಂತು" ಎಂದು ಕೂಗು ಎದ್ದಿತು. ಅಕ್ಕನಿಗಾಗಿ ಅಳಲು ಬಂದು ನನ್ನ ಕಟ್ಟೆಯ ಮೇಲೆ ಕೂತಿದ್ದ ಹೆಂಗಸರು "ಈಗ ಬಂದೆ" "ಈಗ ಬಂದೆ" ಎನ್ನುತ್ತ ಎದ್ದು ತಮ್ಮ ತಮ್ಮ ಮನೆಗೆ ಓಡಿದರು. ನಾನು ದೇವರ ಗೂಡಿನಿಂದ ಅರಿಷಿಣದ ಬಟ್ಟಲು ತೆಗೆದುಕೊಂಡು ಹಿತ್ತಲಿಗೆ ವಾಪಸು ಬಂದೆ.

ನಳ ಎರಡು ಸಲ ಕೆಮ್ಮಿತು. ಗಾಳಿ ಉಗುಳಿತು. ನಿಂತಿತು.

ಎರಡನೆಯ ಕೊಡ ಅರ್ಧವೂ ತುಂಬಿರಲಿಲ್ಲ. ಹೆಂಗಸರು ಸೀರೆಯ ಮೇಲಿನಿಂದ ನಳವನ್ನು ನೋಡಿದರು. ನಾನೂ ನೋಡಿದೆ. ಆಗ ಎಲ್ಲರಿಗೂ ಆ ಗುಂಯ್ ಸದ್ದು ಕೇಳಿಸಿತು. ಯಾರು ಹಾಕಿದರು ಎಂದು ಕೇಳಲು ನಾನು ಬಾಯಿ ತೆರೆದೆ. ಹೆಂಡತಿ ಎದುರಿಗೇ ಸೀರೆ ಹಿಡಿದು ನಿಂತಿದ್ದಳು. ಮನೆಯೊಳಗೆ ಬೇರೆ ಯಾರೂ ಇರಲಿಲ್ಲ. ಎಡಗೈಯಲ್ಲಿ ಬಟ್ಟಲು ಹಿಡಿದು ಬಾಗಿಲು ದಾಟುವಾಗ ನನ್ನ ಬಲಗೈ ಅದರ ಹಿಂದೆ ಏನು ಮಾಡಿತ್ತೆಂದು ಆಗ ನೆನಪಾಯಿತು.

ಸೀರೆಯ ಒಳಗೆ ಅಕ್ಕ ಒಂದು ಕೊಡದಲ್ಲಿ ನೆನೆದು, ಎರಡನೆಯದಕ್ಕೆ ಕಾಯುತ್ತ ಕೂತಿದ್ದಳು.

ಆತ ಕೀಲಿ ಹಿಡಿದುಕೊಂಡೇ ಹಿತ್ತಲಿಗೆ ಬಂದಿದ್ದ. ಸದ್ದು ಕೇಳಿ, ನಳ ನೋಡಿ, ನೆಲದ ಮೇಲೆ ನಳದಿಂದ ನನ್ನ ಮನೆಯ ತನಕ ಕಣ್ಣಲ್ಲೇ ಪೈಪಿನ ದಾರಿ ಅಳೆದ. ಆಮೇಲೆ ಬಹಳ ಮೆಲ್ಲಗೆ, "ಮೋಟ್ರು ಬಂದ್ ಮಾಡ್ರಿ, ಅಣ್ಣಾರ" ಎಂದ.

ಕಾರ್ಯ ಮುಗಿದ ಮೇಲಿನ ಪಾಳಿಗೆ ನಾನೇ ಮೂಲೆಗೆ ಹೋದೆ. ಆತ ಗುಂಡಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದ. ಅಕ್ಕ ಹೇಳಿದ್ದನ್ನು ಹೇಳಿದೆ. ಇಷ್ಟು ವರ್ಷ ಬೈದದ್ದು ಒಂದೂ ನಿನಗಲ್ಲ, ಎಲ್ಲ ನನಗೆ, ಇದನ್ನು ನಿನಗೆ ತಿಳಿಸು ಅಂದಿದ್ದಳು ಎಂದೆ.

ಆತ ಕೀಲಿಯ ಮೇಲೆ ಕೈ ಇಟ್ಟುಕೊಂಡು ಕೇಳಿಸಿಕೊಂಡ.

"ಯಾವಾಗ ಹೇಳಂದಿದ್ಲು?"

"ಆಕಿ ಇದ್ದಾಗ."

"ಹೌದ್ರೀ?" ಎಂದ. "ನಾ ಆಕಿಗೆ ಒಮ್ಮಿನೂ ತಿರುಗಿ ಬೈಲಿಲ್ರಿ. ತಲಿ ಸರಿ ಇಲ್ಲ ಅಂದಿದ್ರಲ್ಲ ನೀವು, ಅದಕ್ಕ ಸುಮ್ನಿದ್ದೆ. ಆಕಿ ಮುಂದ ಕೂಸಿನ ಮುಂದ ಮಾತಾಡಿದಂಗ ಮಾತಾಡ್ತಿದ್ದೆ. ಆಕಿಗೆ ಅದು ಎಷ್ಟು ಚುಚ್ಚಿರಬೇಕು."

ನಾನು ತಪ್ಪಾಯಿತು ಅಂದೆ.

"ನನಗ್ಯಾಕ ಅಂತೀರಿ?" ಎಂದು ಎದ್ದು ನಿಂತು ಕೀಲಿಯನ್ನು ಎರಡೂ ಕೈಯಲ್ಲಿ ಹಿಡಿದ. "ಆಕಿ ಬೈಗಳ ನನ್ನ ಹತ್ರನs ಇರ್ಲಿ ಬಿಡ್ರಿ. ಎಲ್ಲಾ ಕಡೆ ನೀರು ಬಿಟ್ಟೀನಿ, ನಿನಗ ಅಕ್ಕ ಇಲ್ಲೇನು ಅಂತ ಆಕಿ ಒಬ್ಬಾಕಿನs ಕೇಳಿದಾಕಿ. ಅದನ್ನ ನಿಮಗ ಕೊಡಂಗಿಲ್ಲ ನಾ."

ಹೇಳಿ ವಾಲು ತಿರುಗಿಸಿದ. ನೆಲದೊಳಗೆ ನೀರು ಹೊರಟ ಸದ್ದು ನನ್ನ ಕಾಲ ಕೆಳಗೆ ಹಾದು ಓಣಿಯೊಳಕ್ಕೆ ಹೋಯಿತು. ನಮ್ಮ ಮನೆಯ ಹತ್ತಿರ ಯಾರೋ "ನೀರು ಬಂತು" ಎಂದು ಕೂಗಿದರು. ಮನೆ ಅಷ್ಟು ದೂರವಿದ್ದರೂ, ಬೀದಿಯ ನಡುವೆ ನಿಂತ ನನ್ನ ಬಲಗೈ ತಾನಾಗಿ ಮೇಲಕ್ಕೆದ್ದಿತು. ಅದನ್ನು ಎಡಗೈಯಿಂದ ಹಿಡಿದುಕೊಂಡೆ. ಆತ ಅದನ್ನೂ ನೋಡಿದ.